ತಿದ್ದಿಸಿಕೊಳ್ಳುವ ಹಕ್ಕು

ಪೋಷಕರ ಆಸರೆ ತಪ್ಪಿದ ಮಕ್ಕಳ ನಿಲಯವೊಂದರಲ್ಲಿ ಬ್ಯಾಲೆ ಕಲಿಸಲು ಒಪ್ಪಿಕೊಂಡಾಗ ನನ್ನ ಮುಂದಿದ್ದವರು ಹನ್ನೊಂದರಿಂದ ಹದಿನೇಳರ ವಯಸ್ಸಿನ ಹುಡುಗ ಹುಡುಗಿಯರು. ಕೆಲವರಿಗೆ ಹೆತ್ತವರಿರಲಿಲ್ಲ. ಕೆಲವರಿಗೆ ಇದ್ದರೂ ಸಾಕುವ ಶಕ್ತಿ ಅವರಿಗಿರಲಿಲ್ಲ. ಇನ್ನು ಕೆಲವರನ್ನು ಸ್ವಂತ ಮನೆಯವರಿಂದಲೇ ಬಿಡಿಸಿ ತರಲಾಗಿತ್ತು. ನಾನು ಒಂದು ಸಣ್ಣ ತಂಡದಲ್ಲಿ ಕುಣಿಯುತ್ತಿದ್ದವಳು; ಮೊಣಕಾಲಿನ ಗಾಯದ ನಂತರ ಪಾಠ ಹೇಳುವುದಕ್ಕೆ ಹೊರಳಿಕೊಂಡೆ. ನೃತ್ಯದಿಂದ ಇಂಥ ಮಕ್ಕಳಿಗೆ ಸಂತೋಷ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸಿಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಈ ಮಕ್ಕಳು ಬದಲಾದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದರ ಬೇರು ಬ್ಯಾಲೆಯ ಕಟ್ಟುನಿಟ್ಟಿನಲ್ಲಿದೆ ಎಂಬುದು ನನ್ನ ನಂಬಿಕೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಿಲಯದ ಮೇಲ್ವಿಚಾರಕಿ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದರು: “ಮೇಡಂ, ಹೊಲಿಗೆಯೋ ಕಂಪ್ಯೂಟರೋ ಕಲಿಸಿದರೆ ಇವರಿಗೆ ನಾಳೆ ಒಂದು ದಾರಿಯಾಗುತ್ತದೆ. ಬ್ಯಾಲೆ ಯಾಕೆ?” ಕೇಳಬೇಕಾದ ಪ್ರಶ್ನೆಯೇ. ಬ್ಯಾಲೆ ಬೆಳೆದದ್ದು ಅರಮನೆಗಳಲ್ಲಿ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತಾನೇ ನರ್ತಕನಾಗಿದ್ದ, 1661ರಲ್ಲಿ ನೃತ್ಯಕ್ಕಾಗಿ ರಾಜ ಅಕಾಡೆಮಿಯನ್ನು ಸ್ಥಾಪಿಸಿದ. ಕಾಲಿನ ಐದು ನಿಲುವುಗಳಿಗೆ ಖಚಿತ ರೂಪ ಕೊಟ್ಟ ಕೀರ್ತಿ ಅವನ ನೃತ್ಯಗುರು ಪಿಯರ್ ಬೋಶಾಂಗೆ ಸಲ್ಲುತ್ತದೆ. ಅಂಥ ಕಲೆಗೂ ಈ ಮಕ್ಕಳಿಗೂ ಏನು ಸಂಬಂಧ? ನಾನು ಅವರಿಗೆ ಹೇಳಿದ್ದು ಇಷ್ಟು: ಜಗತ್ತಿನ ಅತಿ ದೊಡ್ಡ ತಂಡದ ಪ್ರಧಾನ ನರ್ತಕಿಯೂ ಬೆಳಗ್ಗೆ ತರಗತಿಗೆ ಬಂದು, ಆಸರೆಗಿರುವ ಅಡ್ಡ ಕಂಬಿ ಹಿಡಿದು, ಮೊಣಕಾಲು ಮಡಿಸುವುದರಿಂದಲೇ ದಿನ ಶುರುಮಾಡುತ್ತಾಳೆ. ನಿಮ್ಮ ಮಕ್ಕಳ ಮೊದಲ ಪಾಠವೂ ಅದೇ. ಅವರಿಗೆಂದು ಬೇರೆ, ಹಗುರ ಮಾಡಿದ ಪಾಠವನ್ನು ನಾನು ಕಲಿಸುವುದಿಲ್ಲ. ಮೇಲ್ವಿಚಾರಕಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೂ ಊಟದ ಕೋಣೆಯನ್ನು ಸಂಜೆಯ ಹೊತ್ತು ಬಿಟ್ಟುಕೊಟ್ಟರು.

ಸಿದ್ಧತೆಯಲ್ಲಿ ಹೆಚ್ಚು ಸಮಯ ಹಿಡಿದದ್ದು ನೆಲ. ಅದು ಸಿಮೆಂಟಿನ ನೆಲ. ಅಂಥ ನೆಲದ ಮೇಲೆ ದಿನವೂ ಜಿಗಿದರೆ ಮುಂಗಾಲಿನ ಮೂಳೆ, ಮೊಣಕಾಲು, ಬೆನ್ನು ಮೂರಕ್ಕೂ ಪೆಟ್ಟು. ಬ್ಯಾಲೆಗೆ ಅಡಿಯಲ್ಲಿ ಸ್ವಲ್ಪ ಬಾಗಿ ಮತ್ತೆ ಮೇಲೇಳುವ ಮರದ ನೆಲ ಬೇಕು. ಹಣ ಹೊಂದಿಸಿ, ಮೆತ್ತನೆಯ ಪದರದ ಮೇಲೆ ಹಲಗೆ, ಹಲಗೆಯ ಮೇಲೆ ಜಾರದ ವಿನೈಲ್ ಹಾಸು ಹಾಕಿಸುವವರೆಗೆ ನಾನು ಒಂದು ಜಿಗಿತವನ್ನೂ ಕಲಿಸಲಿಲ್ಲ. ಬಡ ಮಕ್ಕಳ ಕಾರ್ಯಕ್ರಮ ಎಂದರೆ ಇದ್ದುದರಲ್ಲೇ ಹೇಗೋ ನಡೆಸುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅವರ ಮೂಳೆಯೂ ಎಲ್ಲರ ಮೂಳೆಯಂತೆಯೇ ಮುರಿಯುತ್ತದೆ. ಬೇರೆಯವರಿಗಿರುವ ವಿಶ್ರಾಂತಿ, ಚಿಕಿತ್ಸೆಗಳಂತೂ ಅವರಿಗಿಲ್ಲ. ನೆಲದ ವಿಷಯದಲ್ಲಿ ರಾಜಿ ಮಾಡಿಕೊಳ್ಳುವ ಸಂಸ್ಥೆಗಳನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಶೂಗಳಿಗಾಗಿ ಪ್ರತಿಯೊಬ್ಬರ ಪಾದವನ್ನೂ ಕಾಗದದ ಮೇಲೆ ನಿಲ್ಲಿಸಿ ಗೆರೆ ಎಳೆದೆವು. ಅವರಲ್ಲಿ ಬಹುಪಾಲು ಮಕ್ಕಳು ಅಲ್ಲಿಯವರೆಗೆ ತೊಟ್ಟಿದ್ದು ಬೇರೆಯವರು ತೊಟ್ಟು ಬಿಟ್ಟ ಚಪ್ಪಲಿ, ಬೂಟುಗಳನ್ನೇ. ತಮ್ಮ ಅಳತೆಗೆ ತಕ್ಕಂತೆ ಬಂದ ಬಟ್ಟೆಯ ಶೂಗಳನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಇಲಾಸ್ಟಿಕ್ ಪಟ್ಟಿಯನ್ನು ಅವರವರೇ ಹೊಲಿದುಕೊಳ್ಳಬೇಕೆಂದು ಹೇಳಿ ಸೂಜಿ ದಾರ ಕೊಟ್ಟೆ. ಎಲ್ಲ ನರ್ತಕರೂ ತಮ್ಮ ಶೂಗಳನ್ನು ತಾವೇ ಹೊಲಿದುಕೊಳ್ಳುತ್ತಾರೆ, ಇದು ನಮ್ಮ ವೃತ್ತಿಯ ಪಾಠವೇ. ಒಬ್ಬ ಹುಡುಗಿ ಮಾತ್ರ ತೆಳು ಗುಲಾಬಿ ಬಣ್ಣದ ಶೂವನ್ನು ತನ್ನ ಕಾಲಿನ ಪಕ್ಕ ಇಟ್ಟು, “ಟೀಚರ್, ಇದು ಯಾರ ಕಾಲಿನ ಬಣ್ಣ?” ಎಂದು ಕೇಳಿದಳು. ಬ್ಯಾಲೆ ಜಗತ್ತು ಆ ಪ್ರಶ್ನೆಗೆ ಉತ್ತರ ಹುಡುಕಲು ತುಂಬ ತಡಮಾಡಿತು. ಕಪ್ಪು ನರ್ತಕರೇ ಹೆಚ್ಚಾಗಿರುವ ನ್ಯೂಯಾರ್ಕಿನ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತಂಡದವರು 1970ರ ದಶಕದಲ್ಲೇ ತಮ್ಮ ಮೈಬಣ್ಣಕ್ಕೆ ಹೊಂದುವ ಕಾಲುಚೀಲ, ಶೂಗಳನ್ನು ತೊಡಲಾರಂಭಿಸಿದ್ದರು. ಆದರೆ ಬ್ರಿಟನ್ನಿನ ಹೆಸರಾಂತ ಶೂ ತಯಾರಕರೊಬ್ಬರು ಕಂದು ಬಣ್ಣದ ಪಾಯಿಂಟ್ ಶೂಗಳನ್ನು, ಅಂದರೆ ಬೆರಳ ತುದಿಯ ಮೇಲೆ ನಿಂತು ಕುಣಿಯಲು ತೊಡುವ ಗಟ್ಟಿ ತುದಿಯ ಶೂಗಳನ್ನು, ಮಾರುಕಟ್ಟೆಗೆ ತಂದದ್ದು 2018ರಲ್ಲಿ. ಅಲ್ಲಿಯವರೆಗೆ ಕಪ್ಪು, ಕಂದು ಮೈಬಣ್ಣದ ನರ್ತಕಿಯರು ಮುಖಕ್ಕೆ ಹಚ್ಚುವ ಫೌಂಡೇಷನ್ನನ್ನೇ ಶೂಗಳಿಗೆ ಬಳಿದುಕೊಳ್ಳುತ್ತಿದ್ದರು. ನಾವೂ ಹಾಗೆಯೇ ಬಣ್ಣ ಕಲಸಿ ಬಳಿದೆವು. ಆ ಸಂಜೆ ಪಾಠಕ್ಕಿಂತ ಬಣ್ಣ ಹೊಂದಿಸುವುದೇ ಹೆಚ್ಚಾಯಿತು.

ಮೊದಲ ತರಗತಿಗೂ ಮುನ್ನ ನಿಲಯದ ಆಪ್ತಸಮಾಲೋಚಕರೊಂದಿಗೆ ಕುಳಿತು ಒಂದು ನಿಯಮ ಮಾಡಿಕೊಂಡೆವು. ಬ್ಯಾಲೆಯಲ್ಲಿ ಗುರು ಕೈಯಿಂದ ಮುಟ್ಟಿ ತಿದ್ದುವುದು ವಾಡಿಕೆ: ಮೊಣಕೈಯನ್ನು ಎತ್ತುವುದು, ಸೊಂಟವನ್ನು ನೇರ ಮಾಡುವುದು, ಹೆಗಲನ್ನು ಕೆಳಗಿಳಿಸುವುದು. ಆದರೆ ಮುಟ್ಟುವ ಕೈಯಿಂದಲೇ ನೋವುಂಡ ಮಕ್ಕಳು ಇವರಲ್ಲಿದ್ದರು. ಆದ್ದರಿಂದ ಪ್ರತಿ ಸಲವೂ ಕೇಳಬೇಕು. ಹೂಂ ಎಂದರೆ ಮಾತ್ರ ಮುಟ್ಟಬೇಕು. ಸುಮ್ಮನಿದ್ದರೆ ಬೇಡ ಎಂದೇ ಅರ್ಥ. ನಿನ್ನೆ ಹೂಂ ಅಂದವರು ಇವತ್ತು ಬೇಡ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ.

ಸದಾ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದ ಒಬ್ಬ ಹುಡುಗಿ ತಿಂಗಳುಗಟ್ಟಲೆ ಬೇಡ ಅನ್ನುತ್ತಲೇ ಇದ್ದಳು. ನಾನು ಅವಳ ಎದುರು ನಿಂತು ನನ್ನ ಸೊಂಟವನ್ನೇ ತಪ್ಪಾಗಿ ವಾಲಿಸಿ, ಮತ್ತೆ ನೇರ ಮಾಡಿ ತೋರಿಸುತ್ತಿದ್ದೆ. ಅವಳು ನೋಡಿ ಕಲಿತಳು. ನೋಡಿ ಕಲಿತದ್ದರಿಂದ ಅವಳ ಕಣ್ಣು ಉಳಿದವರಿಗಿಂತ ಚುರುಕಾಯಿತು. ಒಂದು ಸಂಜೆ, “ಟೀಚರ್, ನನ್ನ ಸೊಂಟ ಸರಿಯಿದೆಯಾ, ನನಗೆ ಗೊತ್ತಾಗುತ್ತಿಲ್ಲ” ಎಂದಳು. “ಕೈಯಿಟ್ಟು ನೋಡಲಾ?” ಎಂದೆ. ಹೂಂ ಎಂದಳು. ಮರುದಿನ ಅದೇ ಪ್ರಶ್ನೆಗೆ ಬೇಡ ಎಂದಳು. ಆ ಎರಡನೆಯ ದಿನದ ಬೇಡ ನನಗೆ ಮೊದಲ ದಿನದ ಹೂಂಗಿಂತಲೂ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ತನ್ನ ಮೈಗೆ ತಾನೇ ಯಜಮಾನಿ ಎಂದು ಗೊತ್ತಿರುವ ಹುಡುಗಿ ಮಾತ್ರ ಹಾಗೆ ನಿರಾತಂಕವಾಗಿ ಮನಸ್ಸು ಬದಲಿಸಬಲ್ಲಳು.

ಕನ್ನಡಿಯನ್ನು ಬೇಕೆಂದೇ ಹಾಕಿಸಲಿಲ್ಲ. ತಮ್ಮನ್ನು ತಾವು ನೋಡಿಕೊಳ್ಳಲು ಹಿಂಜರಿಯುವ ಮಕ್ಕಳಿಗೆ ಕನ್ನಡಿ ತೀರ್ಪು ಕೊಡುತ್ತದೆ. ದೇಹದ ಒಳಗಿನಿಂದ ನಿಲುವು ತಿಳಿಯಲಿ, ಕನ್ನಡಿ ಆಮೇಲೆ ಎಂದುಕೊಂಡೆ.

ಹುಡುಗರದು ಬೇರೆ ಕಥೆ. ಮೊದಲ ವಾರ ಬಾಗಿಲ ಹೊರಗೆ ನಿಂತು ನಕ್ಕರು. ಇದು ಹುಡುಗಿಯರ ಆಟ ಎಂಬ ಮಾತು ಬಂತು. ನಾನು ವಾದಿಸಲು ಹೋಗದೆ ಬಾಗಿಲು ತೆರೆದಿಟ್ಟೆ. ಈ ಉಪಾಯ ನನ್ನದಲ್ಲ. ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡವನ್ನು 1955ರಲ್ಲಿ ಸೇರಿ ಅಲ್ಲಿ ಹೆಸರು ಮಾಡಿದ ಕಪ್ಪು ನರ್ತಕ ಆರ್ಥರ್ ಮಿಚೆಲ್, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುವರ್ಷ, 1969ರಲ್ಲಿ, ಕಾರೆಲ್ ಶುಕ್ ಅವರೊಂದಿಗೆ ಸೇರಿ ಹಾರ್ಲೆಮ್‌ನಲ್ಲಿ ಶಾಲೆ ಕಟ್ಟಿದಾಗ, ಗ್ಯಾರೇಜೊಂದರಲ್ಲಿ ಬಾಗಿಲು ತೆರೆದಿಟ್ಟೇ ತರಗತಿ ನಡೆಸುತ್ತಿದ್ದರಂತೆ. ಬೀದಿಯ ಮಕ್ಕಳು ಇಣುಕಿ ನೋಡಿ ಒಳಗೆ ಬಂದರು. ನಮ್ಮಲ್ಲೂ ಬಂದರು. ಬಂದವರಿಗೆ ಒಂದು ಕಾಲಿನ ಮುಂಗಾಲ ಮೇಲೆ ನಿಂತು ಎಂಟು ಎಣಿಸುವವರೆಗೆ ಅಲುಗಾಡದಿರಲು ಹೇಳಿದೆ. ಫುಟ್‌ಬಾಲ್ ಆಡಿ ಗಟ್ಟಿಯಾದ ಕಾಲುಗಳು ನಾಲ್ಕಕ್ಕೇ ನಡುಗಿದವು. ಆಮೇಲೆ ಯಾರೂ ನಗಲಿಲ್ಲ.

ಅವರಿಗೆ ಕಾರ್ಲೊಸ್ ಅಕೋಸ್ಟಾನ ಕಥೆ ಹೇಳಿದೆ. 1973ರಲ್ಲಿ ಹವಾನಾದ ಬಡ ಬಡಾವಣೆಯೊಂದರಲ್ಲಿ ಹುಟ್ಟಿದ ಹುಡುಗ. ಅಪ್ಪ ಟ್ರಕ್ ಚಾಲಕ. ಬೀದಿಯಲ್ಲಿ ಕೆಡುತ್ತಿದ್ದಾನೆಂದು, ಜೊತೆಗೆ ಅಲ್ಲಿ ಊಟವೂ ಸಿಗುತ್ತದೆಂದು ಅಪ್ಪ ಅವನನ್ನು ಬ್ಯಾಲೆ ಶಾಲೆಗೆ ಹಾಕಿದ. ಮಗ ತಪ್ಪಿಸಿಕೊಂಡು ಫುಟ್‌ಬಾಲ್ ಆಡಿದ, ಶಾಲೆಯಿಂದ ಹೊರದಬ್ಬಿಸಿಕೊಂಡ. ಹದಿಮೂರರ ಸುಮಾರಿಗೆ ಕ್ಯೂಬಾದ ರಾಷ್ಟ್ರೀಯ ತಂಡದ ಪ್ರದರ್ಶನದಲ್ಲಿ ಒಬ್ಬ ನರ್ತಕ ಗಾಳಿಯಲ್ಲಿ ತೇಲಿದ್ದನ್ನು ನೋಡಿದ ಮೇಲೆ ಅವನಿಗೆ ತಾನೂ ಹಾಗಾಗಬೇಕೆನ್ನಿಸಿತು. 1990ರಲ್ಲಿ ಯುವ ನರ್ತಕರ ಅಂತರರಾಷ್ಟ್ರೀಯ ಲೌಸಾನ್ ಸ್ಪರ್ಧೆಯ ಚಿನ್ನ, ಆಮೇಲೆ ಲಂಡನ್ನಿನ ರಾಯಲ್ ಬ್ಯಾಲೆ, 2020ರಿಂದ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆಯ ನಿರ್ದೇಶಕತ್ವ. ನನ್ನ ಹುಡುಗರು ಚಿನ್ನದ ಪದಕದ ಬಗ್ಗೆ ಏನೂ ಕೇಳಲಿಲ್ಲ. ಶಾಲೆಯಿಂದ ಹೊರಹಾಕಿದ್ದು ಯಾಕೆ, ಮತ್ತೆ ಸೇರಿಸಿಕೊಂಡವರು ಯಾರು ಎಂದು ಕೇಳಿದರು. ಮತ್ತೆ ಸೇರಿಸಿಕೊಳ್ಳುತ್ತಾರೆ ಎಂಬುದೇ ಅವರಿಗೆ ಆ ಕಥೆಯಲ್ಲಿ ಹೊಸ ಸಂಗತಿ.

ಇನ್ನು ಕಂಬಿ ಹಿಡಿದು ಮಾಡುವ ತಾಂದ್ಯು ಎಂಬ ಅಭ್ಯಾಸದ ವಿಷಯಕ್ಕೆ ಬರುತ್ತೇನೆ. ನೋಡುವವರಿಗೆ ಅದು ಏನೂ ಅಲ್ಲ: ನಿಂತಲ್ಲಿಂದ ಒಂದು ಕಾಲನ್ನು ಮುಂದಕ್ಕೆ ಚಾಚಿ, ಮತ್ತೆ ಒಳಗೆ ತರುವುದು. ಮಾಡುವವರಿಗೆ ಅದರಲ್ಲೊಂದು ಲೋಕವಿದೆ. ಅಂಗಾಲು ನೆಲವನ್ನು ಒತ್ತಿ ಉಜ್ಜುತ್ತ ಹೊರಡಬೇಕು. ಮೊದಲು ಹಿಮ್ಮಡಿ ಬಿಡಬೇಕು, ಆಮೇಲೆ ಮುಂಗಾಲಿನ ಉಬ್ಬು, ಕೊನೆಗೆ ನೆಲದ ಮೇಲೆ ಬೆರಳ ತುದಿ ಮಾತ್ರ ಉಳಿಯಬೇಕು. ಮರಳುವಾಗ ಇದೇ ಕ್ರಮ ಹಿಂದುಮುಂದಾಗಿ. ಎರಡೂ ಮೊಣಕಾಲು ನೇರ. ತೂಕವೆಲ್ಲ ನಿಂತ ಕಾಲಿನ ಮೇಲೆ. ಕಾಲು ಹೊರಮುಖವಾಗಿ ತಿರುಗುವುದು ಸೊಂಟದ ಕೀಲಿನಿಂದ ಆಗಬೇಕು. ಪಾದವನ್ನಷ್ಟೇ ತಿರುಚಿದರೆ ಮೊಣಕಾಲು ಹಾಳು. ಇಷ್ಟೆಲ್ಲ ನಡೆಯುವಾಗ ಹೆಗಲು, ಕತ್ತು, ಮುಖದಲ್ಲಿ ಶ್ರಮ ಕಾಣಬಾರದು. ಬಲಗಾಲಿನಲ್ಲಿ ಮುಗಿದ ಮೇಲೆ ಹಿಂದಿರುಗಿ ನಿಂತು ಎಡಗಾಲಿನಲ್ಲೂ ಅಷ್ಟೇ ಸಲ.

ನಮ್ಮಲ್ಲಿ ಹದಿನಾಲ್ಕರ ಒಬ್ಬ ಹುಡುಗನಿದ್ದ. ಅವನು ಹಿಂದೆ ಸೇರಿದ್ದ ಎಲ್ಲ ಚಟುವಟಿಕೆಗಳನ್ನೂ ಅರ್ಧಕ್ಕೆ ಬಿಟ್ಟವನು. ಅವನ ಕಡತದಲ್ಲಿ ಹಾಗೆಂದೇ ಬರೆದಿತ್ತು. ನಾನು ಅವನ ಹಿಮ್ಮಡಿ ಬೇಗ ಏಳುತ್ತಿರುವುದನ್ನು ತೋರಿಸಿದೆ. ಮತ್ತೆ ತೋರಿಸಿದೆ. ಇನ್ನೊಂದು ಸಲ ಹೇಳಿದಾಗ ಕಂಬಿ ಬಿಟ್ಟು ನಿಂತು, “ನನಗೆ ಮಾತ್ರ ಯಾಕೆ ಹೇಳುತ್ತೀರಿ? ನಾನು ಮಾಡಿದ್ದೆಲ್ಲ ತಪ್ಪೇನಾ?” ಎಂದು ಕೂಗಿ ಹೊರಗೆ ಹೋದ. ನಾನು ತಡೆಯಲಿಲ್ಲ. ತರಗತಿ ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಳಿತಿದ್ದವನ ಬಳಿ ಹೋಗಿ ಹೇಳಿದೆ: “ನೋಡು, ನಿನ್ನಿಂದ ಆಗುತ್ತದೆ ಎಂದು ಗೊತ್ತಿರುವುದಕ್ಕೇ ಹೇಳುತ್ತೇನೆ. ಆಗುವುದಿಲ್ಲ ಎಂದುಕೊಂಡಿದ್ದರೆ ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಮನೆಗೆ ಹೋಗುತ್ತಿದ್ದೆ. ನನ್ನ ಗುರುಗಳು ನನಗೂ ಹೀಗೇ ಹೇಳುತ್ತಿದ್ದರು. ಅವರು ಹೇಳುವುದನ್ನು ನಿಲ್ಲಿಸಿದ ದಿನ ನಾನು ಅತ್ತಿದ್ದೆ.” ಅವನು ಏನೂ ಮಾತಾಡಲಿಲ್ಲ. ಮುಂದಿನ ತರಗತಿಗೆ ಬಂದ, ಕಂಬಿಯ ಕೊನೆಯಲ್ಲಿ ನಿಂತ.

ಕೆಲವು ವಾರಗಳ ನಂತರ ಹೊಸ ಮಕ್ಕಳು ಸೇರಿದ್ದರಿಂದ ಒಂದು ಸಂಜೆ ನನ್ನ ಗಮನವೆಲ್ಲ ಅವರ ಕಡೆಗೇ ಹೋಯಿತು. ಎಲ್ಲರೂ ಹೊರಟರೂ ಇವನು ಶೂ ಬಿಚ್ಚದೆ ನಿಂತಿದ್ದ. “ಟೀಚರ್, ಇವತ್ತು ನನಗೆ ಏನೂ ಹೇಳಲೇ ಇಲ್ಲ” ಎಂದ. ದೂರು ಹೇಳುವ ದನಿ ಅದು. ಇಬ್ಬರೂ ಮತ್ತೆ ಕಂಬಿಯ ಬಳಿ ಹೋದೆವು. ತಾಂದ್ಯು ಮಾಡಿದ. ಹಿಮ್ಮಡಿ ಸರಿಯಾಗಿತ್ತು, ಎಡ ಹೆಗಲು ಎದ್ದಿತ್ತು. ಹೇಳಿದೆ. ಹೆಗಲು ಇಳಿಸಿದ, ಎಂಟು ಎಣಿಸಿ ಮುಗಿಸಿ, ಸಮಾಧಾನವಾಗಿ ಶೂ ಬಿಚ್ಚಿಟ್ಟು ಹೋದ.

ಈ ಮಕ್ಕಳ ಬದುಕಿನಲ್ಲಿ ಎರಡು ಬಗೆಯ ದೊಡ್ಡವರು ಬಂದು ಹೋಗುತ್ತಾರೆ. ಬೈಯುವವರು ಒಂದು ಕಡೆ, ಅಯ್ಯೋ ಪಾಪ ಎನ್ನುವವರು ಇನ್ನೊಂದು ಕಡೆ. ಬೈಗುಳದಲ್ಲಿ ನೀನು ಕೆಟ್ಟವನು ಎಂಬ ತೀರ್ಮಾನವಿದೆ. ಕನಿಕರದಲ್ಲಿ ನಿನ್ನಿಂದ ಇಷ್ಟೇ ಸಾಧ್ಯ ಎಂಬ ತೀರ್ಮಾನವಿದೆ. ಒಳ್ಳೆಯ ಬ್ಯಾಲೆ ತರಗತಿಯಲ್ಲಿ ಎರಡಕ್ಕೂ ಜಾಗವಿಲ್ಲ. ಅಲ್ಲಿ ಹಿಮ್ಮಡಿ ಬೇಗ ಎದ್ದರೆ ಹಿಮ್ಮಡಿ ಬೇಗ ಎದ್ದಿತು ಎಂದಷ್ಟೇ ಅರ್ಥ. ನಿನ್ನ ಅಪ್ಪ ಯಾರು, ನೀನು ಎಲ್ಲಿಂದ ಬಂದೆ ಎಂಬುದು ಆ ಮಾತಿನೊಳಗೆ ಬರುವುದಿಲ್ಲ. ಹೀಗೆ ತಿದ್ದಿಸಿಕೊಳ್ಳುವುದು ಅನುಕೂಲಸ್ಥ ಮಕ್ಕಳಿಗೆ ಕೇಳದೆಯೇ ಸಿಗುತ್ತದೆ: ಸಂಗೀತದ ಮೇಷ್ಟರು, ಈಜು ಕಲಿಸುವವರು, ಮನೆಪಾಠದವರು. ಈ ಮಕ್ಕಳಿಗೆ ಅದು ಸಿಕ್ಕಿರಲೇ ಇಲ್ಲ. ತಿದ್ದಿಸಿಕೊಳ್ಳುವುದು ಒಂದು ಹಕ್ಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗೆಂದು ಬ್ಯಾಲೆಯ ಹೆಸರಿನಲ್ಲಿ ನಡೆಯುವ ಎಲ್ಲ ಕಟ್ಟುನಿಟ್ಟನ್ನೂ ಒಪ್ಪುವವಳು ನಾನಲ್ಲ. ಕೂಗಾಡುವ, ಅವಮಾನಿಸುವ, ತೂಕದ ಬಗ್ಗೆ ಚುಚ್ಚಿ ಮಾತಾಡುವ ಗುರುಗಳು ಈ ಕ್ಷೇತ್ರದಲ್ಲಿ ಇದ್ದಾರೆ. ಹಸಿವನ್ನು ಬಲ್ಲ ಮಕ್ಕಳ ಮುಂದೆ ತೆಳ್ಳಗಾಗು ಎಂಬ ಮಾತು ಆಡುವುದು ಕ್ರೌರ್ಯ. ನಮ್ಮಲ್ಲಿ ತರಗತಿಗೆ ಮುನ್ನ ಎಲ್ಲರಿಗೂ ತಿಂಡಿ ಕೊಡುತ್ತೇವೆ. ತಿಂದು ಸ್ವಲ್ಪ ಹೊತ್ತು ಕಳೆದ ಮೇಲೆಯೇ ಪಾಠ. ದೇಹದ ಗಾತ್ರದ ಬಗ್ಗೆ ಯಾರೂ, ಅತಿಥಿಗಳೂ ಕೂಡ, ಒಂದು ಮಾತೂ ಆಡಬಾರದು. ಪಾಯಿಂಟ್ ಶೂಗಳಿಗಾಗಿ ಹುಡುಗಿಯರು ಎಷ್ಟೇ ಕಾಡಿದರೂ, ಪಾದದ ಮೂಳೆ ಬಲಿತು, ಕಣಕಾಲಿನಲ್ಲೂ ನಡುವಿನಲ್ಲೂ ಸಾಕಷ್ಟು ಶಕ್ತಿ ಬಂದವರಿಗೆ ಮಾತ್ರ ಕೊಟ್ಟೆ. ಕಾಯಿಸಿದ್ದಕ್ಕೆ ಕೋಪಿಸಿಕೊಂಡವರೂ ಇದ್ದಾರೆ.

ದಾರಿಯಲ್ಲಿ ಹಲವರು ಕೈತಪ್ಪಿದರು. ಬ್ಯಾಲೆ ಬೇಸರವಾಗಿ ಬಿಟ್ಟವರು ಕಡಿಮೆ. ಹೆಚ್ಚಿನವರು ಹೋದದ್ದು ತಮ್ಮ ಕೈಯಲ್ಲಿಲ್ಲದ ಕಾರಣಗಳಿಗೆ: ಬೇರೆ ನಿಲಯಕ್ಕೆ ವರ್ಗ, ನ್ಯಾಯಾಲಯದ ಆದೇಶ, ಇದ್ದಕ್ಕಿದ್ದಂತೆ ಬಂದು ಕರೆದುಕೊಂಡು ಹೋದ ಸಂಬಂಧಿಕರು. ನೃತ್ಯದಲ್ಲಿ ಅವರಿಗೆ ಕೊಟ್ಟಿದ್ದ ಸ್ಥಾನ ಒಂದು ಸಂಜೆ ಖಾಲಿಯಾಗಿರುತ್ತಿತ್ತು. ಬದಲಿಗೆ ಇನ್ನೊಬ್ಬರನ್ನು ನಿಲ್ಲಿಸುವ ಮೊದಲು ಮಕ್ಕಳನ್ನು ಕೂರಿಸಿ, ಹೋದವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ನಮಗೆ ತಿಳಿದಷ್ಟನ್ನು ಹೇಳುವ ಪದ್ಧತಿ ಮಾಡಿಕೊಂಡೆವು. ಇದ್ದವರು ಇದ್ದಕ್ಕಿದ್ದಂತೆ ಇಲ್ಲವಾಗುವುದು, ಅದರ ಬಗ್ಗೆ ಯಾರೂ ಮಾತಾಡದಿರುವುದು ಅವರಿಗೆ ಮೊದಲೇ ಸಾಕಷ್ಟು ಆಗಿಹೋಗಿತ್ತು.

ಕತ್ತಿನ ಮೇಲೆ ಬಿಳಿ ಮಚ್ಚೆಗಳಿದ್ದ ಒಬ್ಬ ಹುಡುಗಿಗೆ ಮಿಕೇಲಾ ಡಿಪ್ರಿನ್ಸ್ ಚಿತ್ರ ತೋರಿಸಿದ್ದೆ. ಸಿಯೆರಾ ಲಿಯೋನಿನಲ್ಲಿ 1995ರಲ್ಲಿ ಹುಟ್ಟಿ, ಅಂತರ್ಯುದ್ಧದ ಕಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದವಳು. ತೊನ್ನಿನ ಕಾರಣಕ್ಕೆ ಅಲ್ಲಿ ಅವಳನ್ನು ದೆವ್ವದ ಕೂಸು ಎನ್ನುತ್ತಿದ್ದರು. ಗಾಳಿಗೆ ಹಾರಿಬಂದ ಪತ್ರಿಕೆಯೊಂದರಲ್ಲಿ ಬ್ಯಾಲೆ ನರ್ತಕಿಯ ಚಿತ್ರ ಕಂಡು ಅದನ್ನು ಜೋಪಾನ ಮಾಡಿಟ್ಟುಕೊಂಡಿದ್ದಳು. ಅಮೆರಿಕದ ಕುಟುಂಬವೊಂದು ದತ್ತು ಪಡೆದ ಮೇಲೆ ನೃತ್ಯ ಕಲಿತು, ಹಾರ್ಲೆಮ್ ತಂಡ, ಡಚ್ ರಾಷ್ಟ್ರೀಯ ಬ್ಯಾಲೆ, ಬಾಸ್ಟನ್ ಬ್ಯಾಲೆಗಳಲ್ಲಿ ಕುಣಿದಳು. ನಮ್ಮ ಹುಡುಗಿ ಆ ಚಿತ್ರವನ್ನು ಬಹಳ ಹೊತ್ತು ನೋಡಿ, “ಹಿಂದಿನಿಂದ ತೆಗೆದ ಚಿತ್ರ ಇದೆಯಾ?” ಎಂದು ಕೇಳಿದಳು. ಕತ್ತು, ಬೆನ್ನು ಕಾಣುವ ಚಿತ್ರ ಅವಳಿಗೆ ಬೇಕಿತ್ತು. ಹುಡುಕಿ ಕೊಟ್ಟೆ. 2024ರ ಸೆಪ್ಟೆಂಬರಿನಲ್ಲಿ ಮಿಕೇಲಾ ಇಪ್ಪತ್ತೊಂಬತ್ತನೇ ವಯಸ್ಸಿಗೇ ತೀರಿಕೊಂಡ ಸುದ್ದಿಯನ್ನು ಮಕ್ಕಳಿಗೆ ಹೇಳುವುದು ನನಗೆ ಬಹಳ ಕಷ್ಟವಾಯಿತು. ಅವತ್ತು ಪಾಠ ಮಾಡುವುದೋ ಬೇಡವೋ ಎಂದು ಅವರನ್ನೇ ಕೇಳಿದೆ. ಮಾಡೋಣ ಎಂದರು.

ಇಂಥ ಹೆಸರುಗಳನ್ನು ಮಕ್ಕಳ ಮುಂದಿಡುವಾಗ ಎಚ್ಚರ ಬೇಕು. ಆರು ಮಕ್ಕಳ ಬಡ ಕುಟುಂಬದ ಮಿಸ್ಟಿ ಕೋಪ್‌ಲ್ಯಾಂಡ್ ಹದಿಮೂರನೇ ವಯಸ್ಸಿನಲ್ಲಿ, ಮಕ್ಕಳ ಕ್ಲಬ್ಬೊಂದರ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮೊದಲ ಪಾಠ ಕಲಿತು, 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿನ ಮೊದಲ ಆಫ್ರಿಕನ್ ಅಮೆರಿಕನ್ ಪ್ರಧಾನ ನರ್ತಕಿಯಾದರು. ನೈಜೀರಿಯಾದ ಲಾಗೋಸ್‌ನ ಉಚಿತ ಬ್ಯಾಲೆ ಶಾಲೆಯ ಹುಡುಗನೊಬ್ಬ ಮಳೆಯಲ್ಲಿ ಬರಿಗಾಲಲ್ಲಿ ಕುಣಿದ ವೀಡಿಯೊ 2020ರಲ್ಲಿ ಜಗತ್ತನ್ನೆಲ್ಲ ಸುತ್ತಿತು, ಅವನಿಗೆ ಹೊರದೇಶದಲ್ಲಿ ಕಲಿಯುವ ಅವಕಾಶ ಬಂತು. ಎಲ್ಲವೂ ನಿಜ. ಆದರೆ ಬ್ಯಾಲೆ ತಂಡಗಳಲ್ಲಿ ಕೆಲಸ ಸಿಗುವುದು ಬೆರಳೆಣಿಕೆಯ ಜನರಿಗೆ ಎಂಬುದೂ ನಿಜ. ನೀನೂ ಹೀಗಾಗುತ್ತೀಯ ಎಂದು ಭರವಸೆ ಕೊಟ್ಟರೆ, ಆಗದೇ ಹೋದಾಗ ಇನ್ನೊಬ್ಬ ದೊಡ್ಡವರು ಮಾತು ತಪ್ಪಿದಂತಾಗುತ್ತದೆ. ಈ ಕಥೆಗಳನ್ನು ನಾನು ಮಕ್ಕಳಿಗಿಂತ ಹೆಚ್ಚಾಗಿ ಅಧಿಕಾರಿಗಳಿಗೆ, ದಾನಿಗಳಿಗೆ ಹೇಳುತ್ತೇನೆ. ಪ್ರತಿಭೆ ಎಲ್ಲಿದೆ ಎಂದು ಮೊದಲೇ ನಿರ್ಧರಿಸಿಬಿಡುವವರು ಅವರು.

ದಾನಿಗಳ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷದ ಪ್ರದರ್ಶನಕ್ಕೆ ನೆರವು ಕೊಡಲು ಮುಂದೆ ಬಂದವರೊಬ್ಬರು ಒಂದು ಷರತ್ತು ಇಟ್ಟರು: ನೃತ್ಯದ ನಡುವೆ ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದು ತಾವು ಪಟ್ಟ ಕಷ್ಟವನ್ನು ಎರಡೆರಡು ಮಾತಿನಲ್ಲಿ ಹೇಳಬೇಕು, ಜನರ ಮನ ಕರಗುತ್ತದೆ. ನಾನು ಒಪ್ಪಲಿಲ್ಲ. ಕಷ್ಟ ಹೇಳಿಕೊಂಡರೆ ಚಪ್ಪಾಳೆ ಬರುತ್ತದೆ ಎಂದು ಮಗುವಿಗೆ ಒಮ್ಮೆ ಕಲಿಸಿದರೆ, ಅದು ತನ್ನ ಬದುಕಿನುದ್ದಕ್ಕೂ ಆ ಗಾಯವನ್ನೇ ಮುಂದೆ ಹಿಡಿದು ನಿಲ್ಲಬೇಕಾಗುತ್ತದೆ. ಆ ಹಣ ಬರಲಿಲ್ಲ. ಬಾಡಿಗೆ ರಂಗಮಂದಿರ ಬಿಟ್ಟು ಶಾಲೆಯೊಂದರ ಸಭಾಂಗಣದಲ್ಲಿ ಪ್ರದರ್ಶನ ಮಾಡಿದೆವು. ಕಾರ್ಯಕ್ರಮದ ಹಾಳೆಯಲ್ಲಿ ಮಕ್ಕಳ ಹೆಸರು, ಯಾವ ಭಾಗದಲ್ಲಿ ಕುಣಿಯುತ್ತಾರೆ ಎಂಬುದಷ್ಟೇ ಇತ್ತು. ಅನಾಥ ಎಂಬ ಪದ ಎಲ್ಲೂ ಬರಲಿಲ್ಲ.

ಪ್ರದರ್ಶನದಲ್ಲಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದ ಹುಡುಗಿ ಎರಡನೆಯ ಭಾಗದ ಮಧ್ಯೆ ಹೆಜ್ಜೆ ಮರೆತಳು. ನಾನು ಪರದೆಯ ಪಕ್ಕದಲ್ಲಿ ಉಸಿರು ಬಿಗಿಹಿಡಿದೆ. ಅವಳು ಕೈಗಳನ್ನು ಇಳಿಬಿಡಲಿಲ್ಲ. ನಿಲುವು ಕೆಡದಂತೆ, ಕತ್ತು ಎತ್ತಿ ಸಾಲಿನಲ್ಲೇ ನಿಂತು, ಮುಂದಿನ ಎಂಟರ ಎಣಿಕೆ ಶುರುವಾಗುವುದನ್ನೇ ಕಾದು, ಸರಿಯಾಗಿ ಒಂದಕ್ಕೆ ಒಳಸೇರಿದಳು. ಎಡವಿದ ಮೇಲೆ ಎಲ್ಲವನ್ನೂ ಬಿಟ್ಟು ಓಡಿಹೋಗುತ್ತಿದ್ದ ಮಗು ಇದು. ಎಡವಿದ ಜಾಗದಿಂದ ಮುಂದಿನ ಎಂಟಕ್ಕೆ ಸೇರಿಕೊಳ್ಳಬಹುದು ಎಂಬುದು ಅವಳ ಮೈಗೇ ತಿಳಿದಿತ್ತು. ನಾನು ಬಾಯಿಮಾತಿನಲ್ಲಿ ಎಷ್ಟು ಹೇಳಿದ್ದರೂ ಅದು ಹಾಗೆ ಇಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ವಂದನೆ. ಬ್ಯಾಲೆಯಲ್ಲಿ ಪ್ರತಿ ತರಗತಿಯೂ ಗುರುವಿಗೂ ವಾದ್ಯ ನುಡಿಸಿದವರಿಗೂ ಬಾಗಿ ವಂದಿಸುವುದರೊಂದಿಗೆ ಮುಗಿಯುತ್ತದೆ, ಅದನ್ನು ಅವರು ಚೆನ್ನಾಗಿ ಕಲಿತಿದ್ದರು. ಆದರೆ ಸಭೆಯ ಮುಂದೆ ನಿಂತು ಚಪ್ಪಾಳೆಯನ್ನು ಪೂರ್ತಿ ಕೇಳಿಸಿಕೊಳ್ಳುವುದು ಅವರಿಗೆ ಆಗುತ್ತಲೇ ಇರಲಿಲ್ಲ. ತಾಲೀಮಿನಲ್ಲಿ ಬಾಗಿದ ತಕ್ಷಣ ಒಳಗೆ ಓಡುತ್ತಿದ್ದರು. ನಿಲ್ಲಿ, ಎಂಟು ಎಣಿಸಿ, ಎದುರಿನವರ ಮುಖ ನೋಡಿ, ಆಮೇಲೆ ಹೋಗಿ ಎಂದು ಇದನ್ನೂ ಒಂದು ಹೆಜ್ಜೆಯಂತೆಯೇ ಅಭ್ಯಾಸ ಮಾಡಿಸಬೇಕಾಯಿತು. ಅಂದು ಸಭಾಂಗಣದಲ್ಲಿ ಅವರು ಎಂಟು ಎಣಿಸಿದರು. ತುಟಿಗಳು ಅಲುಗಾಡುತ್ತಿದ್ದದ್ದು ನನಗೆ ಕಂಡಿತು. ಮೇಲ್ವಿಚಾರಕಿ ಮೊದಲ ಸಾಲಿನಲ್ಲಿದ್ದರು. ಮರುದಿನ ಬಂದು, ಊಟದ ಕೋಣೆಯ ಬದಲು ಹಿಂದಿನ ದೊಡ್ಡ ಕೋಣೆಯನ್ನೇ ತೆಗೆದುಕೊಳ್ಳಿ ಎಂದರು.

ಆಮೇಲೆ ಏನಾಯಿತು ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಒಬ್ಬಳು ಬ್ಯಾಲೆ ಶಾಲೆಯ ಪೂರ್ವಸಿದ್ಧತಾ ತರಗತಿಗೆ ಆಯ್ಕೆಯಾಗಿದ್ದಾಳೆ. ಇನ್ನೊಬ್ಬಳು ಅದೇ ಆಯ್ಕೆಗೆ ಹೋಗಿ ಸಿಗದೆ ಮರಳಿದಳು. ಎರಡು ದಿನ ಬರಲಿಲ್ಲ, ಮೂರನೆಯ ದಿನ ಬಂದು ಕಂಬಿ ಹಿಡಿದಳು. ಒಬ್ಬ ಹುಡುಗ ರಂಗದ ಬೆಳಕಿನ ಕೆಲಸಕ್ಕೆ ಹೋಗುತ್ತಿದ್ದಾನೆ. ಹಿಮ್ಮಡಿಯ ಹುಡುಗ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ. ಉತ್ತರಪತ್ರಿಕೆ ತೋರಿಸಿ, ಎಲ್ಲೆಲ್ಲಿ ತಪ್ಪಾಗಿದೆ ಹೇಳಿ ಎಂದು ಶಿಕ್ಷಕರ ಬಳಿಗೆ ತಾನೇ ಹೋದನಂತೆ. ಆ ಶಿಕ್ಷಕರೇ ನನಗೆ ಫೋನ್ ಮಾಡಿ, ಇಂಥ ವಿದ್ಯಾರ್ಥಿಯನ್ನು ಈಚೆಗೆ ನೋಡಿರಲಿಲ್ಲ ಎಂದರು. ಮರುಪರೀಕ್ಷೆಗೆ ಕುಳಿತಿದ್ದಾನೆ, ಫಲಿತಾಂಶ ಬರಬೇಕಿದೆ. ಏನೂ ಬದಲಾಗದ ಮಕ್ಕಳೂ ಇದ್ದಾರೆ. ಒಬ್ಬ ಹುಡುಗಿ ನಿಲಯದಿಂದ ಓಡಿಹೋದವಳು ಇನ್ನೂ ಸಿಕ್ಕಿಲ್ಲ. ಅವಳ ಶೂಗಳು ನನ್ನ ಬಳಿ ಇವೆ.

ಈಗ ನಮ್ಮ ದೊಡ್ಡ ಚಿಂತೆ ಹದಿನೆಂಟು ತುಂಬುವವರದು. ಆ ದಿನಕ್ಕೆ ನಿಲಯದ ಆಸರೆ ಮುಗಿಯುತ್ತದೆ, ಅದರೊಂದಿಗೆ ತರಗತಿಯೂ ಮುಗಿಯಬೇಕೆಂದು ನಿಯಮ ಹೇಳುತ್ತಿತ್ತು. ಎಲ್ಲ ಕೈಬಿಟ್ಟು ಹೋಗುವ ಹೊತ್ತಿನಲ್ಲೇ ಇದೂ ಕೈಬಿಟ್ಟರೆ ಕಲಿಸಿದ್ದಕ್ಕೆ ಏನು ಅರ್ಥವೆಂದು ಆಡಳಿತ ಮಂಡಳಿಯ ಎದುರು ಮತ್ತೆ ಮತ್ತೆ ಕುಳಿತೆ. ಕೊನೆಗೆ ಒಪ್ಪಿದ್ದಾರೆ. ಹೊರಗೆ ಹೋದವರಿಗೂ ಇನ್ನು ಮುಂದೆ ವಾರಾಂತ್ಯದ ತರಗತಿ ಇರುತ್ತದೆ. ಕೆಲಸಕ್ಕೆ ಹೋಗುವವರ ಅನುಕೂಲಕ್ಕೆ ಹೊತ್ತು ಇಳಿದ ಮೇಲೆ. ಆ ಹೊತ್ತಿಗೆ ಪಿಯಾನೊ ನುಡಿಸಲು ಬರುವವರನ್ನು ಹುಡುಕುತ್ತಿದ್ದೇನೆ. ಮೂರು ಮತ್ತು ನಾಲ್ಕರ ಎಣಿಕೆಯಲ್ಲಿ ನಿಧಾನವಾಗಿ, ಕಾಲು ನೋಡಿಕೊಂಡು ನುಡಿಸುವ ತಾಳ್ಮೆ ಇದ್ದರೆ ಸಾಕು.